ಕ್ಯೂ ನಂತರ ಯು ಬರಲೇಬೇಕೆ? ಪದದಾಟದ ಮೂಲಕ ಕಾಗುಣಿತ ಬೋಧನೆ

ಇಂಗ್ಲಿಷ್ ಕಾಗುಣಿತ ಕಲಿಸುವಾಗ ನಾವು ಹೇಳಿಕೊಡುವ ಗಟ್ಟಿ ನಿಯಮಗಳಲ್ಲಿ ಒಂದು: "ಕ್ಯೂ ಅಕ್ಷರದ ನಂತರ ಯು ಬರುತ್ತದೆ." ಕ್ವೀನ್, ಕ್ವಿಕ್, ಕ್ವೆಶ್ಚನ್ ಎಲ್ಲವೂ ಹಾಗೆಯೇ. ಆದರೆ ಅದೇ ಮಗು ಸಮಾಜ ವಿಜ್ಞಾನದ ಅವಧಿಯಲ್ಲಿ ಇಂಗ್ಲಿಷ್ ಭೂಪಟ ತೆರೆದರೆ ಇರಾಕ್, ಕತಾರ್ ಹೆಸರುಗಳಲ್ಲಿ ಕ್ಯೂ ಇದೆ, ಅದರ ಹಿಂದೆ ಯು ಇಲ್ಲ. "ಅದು ಅಪವಾದ, ನೆನಪಿಟ್ಟುಕೋ" ಎಂದು ನಾವು ಮುಂದೆ ಹೋಗಬಹುದು. ಇಂಗ್ಲಿಷ್‌ಗೆ ಕಾರಣವೇ ಇಲ್ಲ, ಬಾಯಿಪಾಠವೊಂದೇ ದಾರಿ ಎಂಬ ಭಯ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಬೇರೂರುವುದು ಇಂತಹ ಉತ್ತರಗಳಿಂದಲೇ. ಈ ಅಪವಾದಕ್ಕೆ ಸರಳವಾದ ಕಾರಣವಿದೆ.

ಆಟದಲ್ಲಿ ಕ್ಯೂ

ಸ್ಕ್ರ್ಯಾಬಲ್ ಆಟವನ್ನು 1930ರ ದಶಕದಲ್ಲಿ ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್. ಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಅವರು ಅಕ್ಷರಗಳನ್ನು ಹಂಚಿದರು. 100 ಬಿಲ್ಲೆಗಳಲ್ಲಿ ಕ್ಯೂ ಒಂದೇ, ಅದಕ್ಕೆ 10 ಅಂಕ. ಯು ಇರುವುದು ನಾಲ್ಕು. ಅವು ಮುಗಿದರೆ ಕ್ಯೂ ಹಿಡಿದವರು ಸಿಕ್ಕಿಬೀಳುತ್ತಾರೆ. ಆಗ ನೆರವಾಗುವ ಚಿಕ್ಕ ಪದಗಳಿವು:

1. ಕ್ಯೂ-ಐ (ಉಚ್ಚಾರ 'ಚೀ'): ಚೀನೀ ಚಿಂತನೆಯಲ್ಲಿ ಪ್ರಾಣಶಕ್ತಿ. 11 ಅಂಕ.
2. ಕ್ಯೂ-ಎ-ಟಿ: ಯೆಮನ್, ಪೂರ್ವ ಆಫ್ರಿಕಾಗಳಲ್ಲಿ ಜಗಿಯುವ ಎಲೆ. 12 ಅಂಕ.
3. ಕ್ಯೂ-ಎ-ಡಿ-ಐ: ನ್ಯಾಯಾಧೀಶ, ನಮ್ಮ 'ಖಾಜಿ'. 14 ಅಂಕ.
4. ಕ್ಯೂ-ಎ-ಎನ್-ಎ-ಟಿ: ನೆಲದಡಿಯ ನೀರಿನ ಸುರಂಗ. 14 ಅಂಕ.
5. ಎಫ್-ಎ-ಕ್ಯೂ-ಐ-ಆರ್: ಫಕೀರ. 17 ಅಂಕ.
6. ಕ್ಯೂ-ಒ-ಪಿ-ಎಚ್: ಹೀಬ್ರೂ ಲಿಪಿಯ ಒಂದು ಅಕ್ಷರ. 18 ಅಂಕ.

ಕಾರಣವೇನು?

ಹಳೆಯ ಇಂಗ್ಲಿಷ್‌ನಲ್ಲಿ 'ಕ್ವೀನ್' ಪದವನ್ನು ಸಿ, ಡಬ್ಲ್ಯು ಅಕ್ಷರಗಳಿಂದ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ರೂಢಿಯ ಲಿಪಿಕಾರರು ಲ್ಯಾಟಿನ್ ಪದ್ಧತಿಯ ಕ್ಯೂ-ಯು ಜೋಡಿಯನ್ನು ತಂದರು. ಅಂದರೆ ನಮ್ಮ 'ನಿಯಮ' ಲ್ಯಾಟಿನ್–ಫ್ರೆಂಚ್ ಬಳುವಳಿ. ಬೇರೆ ದಾರಿಯಿಂದ ಬಂದ ಪದಗಳಿಗೆ ಅದು ಅನ್ವಯಿಸುವುದಿಲ್ಲ. ಅರಬಿಯಲ್ಲಿ 'ಕ' ಧ್ವನಿಗೆ ಹತ್ತಿರದ ಎರಡು ಅಕ್ಷರಗಳಿವೆ: ಕಾಫ್ ಮತ್ತು ಗಂಟಲಿನ ಆಳದಿಂದ ಬರುವ ಖಾಫ್. ಎರಡನೆಯದನ್ನು ಬೇರೆಯಾಗಿ ತೋರಿಸಲು ಇಂಗ್ಲಿಷ್ ಬರಹದಲ್ಲಿ ಕ್ಯೂ ಬಳಸಿದರು. ಚೀನಾ 1958ರಲ್ಲಿ ಅಂಗೀಕರಿಸಿದ ಪಿನ್‌ಯಿನ್ ಪದ್ಧತಿಯಲ್ಲಿ ಕ್ಯೂ 'ಚ'ಕಾರವನ್ನು ಹೋಲುವ ಧ್ವನಿಗೆ ಗುರುತು.

ತರಗತಿಯಲ್ಲಿ

ನನ್ನ ಬೋಧನಾ ವಿಷಯ ವಿಜ್ಞಾನವಾದರೂ ಎಂಟನೇ ತರಗತಿಯ ಒಂದು ಬದಲಿ ಅವಧಿಯಲ್ಲಿ ಈ ಚಟುವಟಿಕೆ ಮಾಡಿಸಿದೆ. ವರ್ಗೀಕರಣ ಕಲಿಸುವ ಕ್ರಮವೇ ಇಲ್ಲಿಯೂ ಸಾಕಾಯಿತು.

1. ಹನ್ನೆರಡು ಕ್ಯೂ ಪದಗಳನ್ನು ಅರ್ಥಸಹಿತ ಕಪ್ಪುಹಲಗೆಯ ಮೇಲೆ ಬರೆದು, ಯು ಇರುವವು, ಇಲ್ಲದವು ಎಂದು ಮಕ್ಕಳಿಂದಲೇ ವಿಂಗಡಿಸುವುದು.
2. ಯು ಇಲ್ಲದ ಪದಗಳ ಮೂಲ ದೇಶಗಳನ್ನು ಗುಂಪುಗಳಲ್ಲಿ ಭೂಪಟದ ಮೇಲೆ ಗುರುತಿಸುವುದು.
3. ನಿಯಮವನ್ನು ಮಕ್ಕಳ ಮಾತಿನಲ್ಲೇ ತಿದ್ದಿ ಬರೆಸುವುದು.

"ಹಾಗಾದರೆ ಕನ್ನಡದಲ್ಲೂ ಆ ಪದಗಳಿವೆಯಾ ಮಿಸ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಇವೆ. ಹಕ್ಕು, ಬಾಕಿ, ನಕಲು, ಕಾನೂನು, ತಾಲ್ಲೂಕು: ಇವೆಲ್ಲವುಗಳ ಅರಬಿ ಮೂಲದಲ್ಲಿ ಅದೇ ಖಾಫ್ ಇದೆ. ಕನ್ನಡ ಅದನ್ನು ತನ್ನ 'ಕ'ಕಾರದಲ್ಲಿ ಸೇರಿಸಿಕೊಂಡಿತು. ನೆಲದಡಿಯ ಸುರಂಗಕ್ಕೂ ದೂರ ಹೋಗಬೇಕಿಲ್ಲ. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಅಂತಹ ಜಲಮಾರ್ಗವಿದೆ, ಅಲ್ಲಿ ಅದಕ್ಕೆ 'ಕರೇಜ್' ಎನ್ನುತ್ತಾರೆ. ಅಪರೂಪದ ಇಂಗ್ಲಿಷ್ ಪದಗಳೆಂದು ಪಟ್ಟಿ ಮಾಡಿದವುಗಳ ಅರ್ಥ ನಮ್ಮ ಮಕ್ಕಳಿಗೆ ಭಾಗಶಃ ಮೊದಲೇ ಗೊತ್ತಿತ್ತು.

ಒಂದು ಎಚ್ಚರಿಕೆ ಬೇಕು. ಇಂಗ್ಲಿಷ್‌ನ ನಿತ್ಯದ ಕ್ಯೂ ಪದಗಳೆಲ್ಲ ಹೆಚ್ಚುಕಡಿಮೆ ಯು ಜೊತೆಗೇ ಬರುವುದರಿಂದ, ಮೂಲ ನಿಯಮ ಗಟ್ಟಿಯಾಗುವ ಮೊದಲು ಈ ಪಾಠ ಬೇಡ. ಮೌಲ್ಯಮಾಪನದಲ್ಲಿಯೂ ಪದಪಟ್ಟಿಯನ್ನು ಒಪ್ಪಿಸಲು ಹೇಳದೆ, ಹೊಸದೊಂದು ಕ್ಯೂ ಪದವನ್ನು ಅರ್ಥದೊಂದಿಗೆ ಕೊಟ್ಟು "ಇದು ಎಲ್ಲಿಂದ ಬಂದಿರಬಹುದು, ಏಕೆ?" ಎಂದು ಕೇಳುವುದು ಸೂಕ್ತ.