ಸೈಕಲ್ ಗುಂಪಿಗೆ ಮುಖಂಡ ಯಾರು?

2005ರ ಸೆಪ್ಟೆಂಬರಿನ ಕೊನೆಯ ಶುಕ್ರವಾರ ಲಂಡನ್ನಿನಲ್ಲಿ ಗುಂಪಾಗಿ ಹೊರಟ ಸೈಕಲ್ ಸವಾರರ ಕೈಗೆ ಪೊಲೀಸರು ಒಂದು ಪತ್ರ ಕೊಟ್ಟರು. ಮೆರವಣಿಗೆಯ ದಿನ, ಸಮಯ, ಹಾದಿ, ಸಂಘಟಕರ ಹೆಸರನ್ನು ಇನ್ನು ಮುಂದೆ ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ಅದು ಕಾನೂನುಬಾಹಿರ ಎಂಬುದು ಪತ್ರದ ಸಾರ. 1994ರಿಂದ ಪ್ರತಿ ತಿಂಗಳ ಕೊನೆಯ ಶುಕ್ರವಾರ ಥೇಮ್ಸ್ ದಡದಲ್ಲಿ ಸೇರುತ್ತಿದ್ದ ಆ ಗುಂಪಿಗೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಗೊತ್ತಾದ ಹಾದಿಯೂ ಇಲ್ಲ. ಮುಂದಿದ್ದವರು ಹ್ಯಾಂಡಲ್ ಎತ್ತ ತಿರುಗಿಸಿದರೆ ಹಿಂದಿನವರೂ ಅತ್ತಲೇ. ಇಲ್ಲದ ಹಾದಿಯನ್ನು ಇಲ್ಲದ ಮುಖಂಡ ತಿಳಿಸುವುದಾದರೂ ಹೇಗೆ? ಈ ಪ್ರಶ್ನೆ ಮೂರು ವರ್ಷ ಕೋರ್ಟು ಸುತ್ತಿತು. 2006ರಲ್ಲಿ ಹೈಕೋರ್ಟು ಡೆಸ್ ಕೇ ಎಂಬ ಸವಾರನ ಪರ ನಿಂತಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಪೊಲೀಸರ ಪರ ತಿರುಗಿತು. ಕೊನೆಗೆ 2008ರ ನವೆಂಬರ್ 26ರಂದು ಹೌಸ್ ಆಫ್ ಲಾರ್ಡ್ಸ್ ಸವಾರರ ಮಾತನ್ನೇ ಎತ್ತಿಹಿಡಿಯಿತು. ರೂಢಿಯಿಂದ ನಡೆದುಬಂದ ಮೆರವಣಿಗೆಗೆ ಮುಂಚಿತ ನೋಟಿಸಿನ ಹಂಗಿಲ್ಲ ಎಂದಿತು ಆ ತೀರ್ಪು. ನಮ್ಮ ತಾಲ್ಲೂಕುಗಳಾದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ರಸ್ತೆಗಳಲ್ಲಿ ನಾವು ಕಳೆದುಕೊಂಡದ್ದೇನು ಎಂದು ತಿಳಿಯಲು ಈ ಒಂದು ಮಾತು ಸಾಕು.

ಈ ಜಗಳದ ಬೇರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದೆ. 1992ರ ಸೆಪ್ಟೆಂಬರಿನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟ ಕೆಲವರು ಒಂಟಿಯಾಗಿ ಕಾರುಗಳ ನಡುವೆ ನುಸುಳುವ ಬದಲು ಒಟ್ಟಿಗೆ ಹೋಗೋಣ ಎಂದುಕೊಂಡರು. ಅದೇ ಮುಂದೆ 'ಕ್ರಿಟಿಕಲ್ ಮಾಸ್' ಎಂದು ಹೆಸರಾಯಿತು. ಹೆಸರಿನ ಹಿಂದಿರುವುದು ಚೀನಾದ ಒಂದು ನೋಟ: ಸಿಗ್ನಲ್ ಇಲ್ಲದ ವೃತ್ತದಲ್ಲಿ ಸೈಕಲ್‌ಗಳು ಒಂದೊಂದಾಗಿ ಬಂದು ನಿಲ್ಲುತ್ತವೆ, ಸಾಕಷ್ಟು ಮಂದಿ ಸೇರಿದೊಡನೆ ಎಲ್ಲವೂ ಒಟ್ಟಿಗೆ ರಸ್ತೆ ದಾಟುತ್ತವೆ. ಅಮೆರಿಕದಲ್ಲಿ ಗುಂಪು ಬೆಳೆದಂತೆ ಸಿಟ್ಟೂ ಬೆಳೆಯಿತು. 1997ರ ಜುಲೈನಲ್ಲಿ ಮೇಯರ್ ವಿಲ್ಲಿ ಬ್ರೌನ್ ಹಾದಿಯ ಬಗ್ಗೆ ಒಪ್ಪಂದಕ್ಕೆ ಮುಂದಾದರು. ಸಾವಿರಾರು ಸವಾರರ ಪರವಾಗಿ ಮಾತು ಕೊಡಬಲ್ಲವರು ಯಾರೂ ಇರಲಿಲ್ಲ. ಆ ತಿಂಗಳ ಸವಾರಿಯ ರಾತ್ರಿ ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಲಂಡನ್ನಿನಲ್ಲೂ ತೀರ್ಪಿನಿಂದ ತಕರಾರು ಮುಗಿಯಲಿಲ್ಲ. 2012ರ ಒಲಿಂಪಿಕ್ಸ್ ಉದ್ಘಾಟನೆಯ ಸಂಜೆ ಅಲ್ಲಿ ಬಂಧನವಾದವರು 182 ಮಂದಿ. ಎರಡೂ ಕಡೆ ಆಡಳಿತದ ತಕರಾರು ಒಂದೇ: ಸೈಕಲ್ ಗುಂಪು ಸಂಚಾರಕ್ಕೆ ಅಡ್ಡಿ. ಸವಾರರ ಉತ್ತರವೂ ಒಂದೇ: ನಾವೂ ಸಂಚಾರವೇ. ಈ ಉತ್ತರ ಸರಿಯಾದದ್ದು. ಸಾವಿರ ಕಾರು ಒಂದೇ ರಸ್ತೆಗೆ ಇಳಿದಾಗ ಅದನ್ನು ಯಾರೂ ಪ್ರತಿಭಟನೆ ಎನ್ನುವುದಿಲ್ಲ, ಟ್ರಾಫಿಕ್ ಎನ್ನುತ್ತಾರೆ.

ನಮ್ಮ ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1972ರಲ್ಲೇ ಬೀದಿಯಲ್ಲಿ ಸಭೆ ಸೇರುವುದನ್ನು ಸರ್ಕಾರ ನಿಯಂತ್ರಿಸಬಹುದು, ಪೂರ್ತಿ ಅಳಿಸಿಹಾಕುವಂತಿಲ್ಲ ಎಂದಿತ್ತು. ಬೆಂಗಳೂರಿನಲ್ಲಿ ಮಾತ್ರ ಗಾಳಿ ಬೇರೆ ಕಡೆ ಬೀಸಿತು. ಮೆರವಣಿಗೆಯೊಂದರಿಂದ ಸಂಚಾರ ಕಟ್ಟಿಹೋದ ವಿಷಯವನ್ನು ಹೈಕೋರ್ಟು 2021ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತು. ಆಮೇಲೆ ಬಂದ ಪೊಲೀಸ್ ಆದೇಶ ಪ್ರತಿಭಟನೆಗಳನ್ನೆಲ್ಲ ಹಳೆಯ ಸೆಂಟ್ರಲ್ ಜೈಲಿನ ಆವರಣವಾದ ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಆ ಆದೇಶಕ್ಕೆ ತುಸು ಮೊದಲು, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಇಂಧನ ಬೆಲೆ ಏರಿಕೆ ವಿರೋಧಿಸಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸೈಕಲ್ ತುಳಿದು ವಿಧಾನಸೌಧಕ್ಕೆ ಬಂದಿದ್ದರು. ಭಾಷಣವನ್ನು ಕಾಂಪೌಂಡಿನೊಳಗೆ ಮಾಡಬಹುದು. ರಸ್ತೆಯಲ್ಲಿ ತನಗೂ ಜಾಗವಿದೆ ಎನ್ನುವ ಸೈಕಲ್ ಆ ಮಾತನ್ನು ರಸ್ತೆಯಲ್ಲೇ ಹೇಳಬೇಕು.

ಇನ್ನು ನಮ್ಮ ತಾಲ್ಲೂಕುಗಳ ಮಾತು. ಲಂಡನ್ನಿನ ಮೊಕದ್ದಮೆ ನಡೆಯುತ್ತಿದ್ದ 2006–07ರಲ್ಲೇ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ನೋಡನೋಡುತ್ತ ಹೈಸ್ಕೂಲಿನ ಹಾದಿಗಳ ಚಿತ್ರವೇ ಬದಲಾಯಿತು. ಬೆಳಗಿನ ಬೆಲ್ಲಿಗೆ ಮುಂಚೆ ಹಳ್ಳಿಯ ತಿರುವಿನಲ್ಲಿ ಮೂರ್ನಾಲ್ಕು ಸೈಕಲ್. ಮುಂದಿನ ಊರಿನಲ್ಲಿ ಇನ್ನೈದು ಸೇರ್ಪಡೆ. ಹಿಂದಿನ ಕ್ಯಾರಿಯರ್‌ಗೆ ಸಿಕ್ಕಿಸಿದ ಪಾಟಿಚೀಲ, ಗಾಳಿಗೆ ಹಾರದಂತೆ ಪಿನ್ನು ಚುಚ್ಚಿದ ವೇಲು. ಚೈನು ಕಳಚಿದ ಗೆಳತಿಗಾಗಿ ಒಂದು ಕಾಲು ನೆಲಕ್ಕೂರಿ ಇಡೀ ಸಾಲೇ ಕಾಯುತ್ತಿತ್ತು. ಪಟ್ಟಣ ಮುಟ್ಟುವ ಹೊತ್ತಿಗೆ ಆ ಸಾಲಿನ ಹಿಂದೆ ಚನ್ನಗಿರಿಯಲ್ಲಿ ಅಡಿಕೆ ಲಾರಿ, ಹೊನ್ನಾಳಿ–ನ್ಯಾಮತಿಯಲ್ಲಿ ಭತ್ತದ ಟ್ರ್ಯಾಕ್ಟರ್, ಜಗಳೂರಿನಲ್ಲಿ ಮೆಕ್ಕೆಜೋಳದ ಲೋಡು ವೇಗ ತಗ್ಗಿಸಲೇಬೇಕಿತ್ತು. ಅದಕ್ಕೆ ಮುಖಂಡರಿರಲಿಲ್ಲ, ಠಾಣೆಯಿಂದ ಪರವಾನಗಿ ಇರಲಿಲ್ಲ, ಘೋಷಣೆಯೂ ಇರಲಿಲ್ಲ. ದೂರದ ನ್ಯಾಯಾಧೀಶರು ಹೇಳಿದ 'ರೂಢಿಯ ಮೆರವಣಿಗೆ' ಇಲ್ಲಿ ದಿನಕ್ಕೆರಡು ಬಾರಿ ನಡೆಯುತ್ತಿತ್ತು. ಕೋವಿಡ್ ಕಾಲದಲ್ಲಿ ಯೋಜನೆ ನಿಂತಿತು. ಆ ಮೆರವಣಿಗೆಯನ್ನು ತಡೆದು ನಿಲ್ಲಿಸಿದ್ದು ಪೊಲೀಸರಲ್ಲ, ಸೈಕಲ್ಲಿಗೆ ದುಡ್ಡಿಡದ ಬಜೆಟ್.

ಇದು ಬರೀ ಹಳೆಯ ಕಾಲದ ಹಂಬಲವಲ್ಲ. ಅದೇ 2006ರಲ್ಲಿ ಬಿಹಾರ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟದ್ದರ ಫಲವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದ್ದಾರೆ. ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು. ಗುಂಪಾಗಿ ಹೋಗುವುದರಿಂದ ಸಿಕ್ಕ ಸುರಕ್ಷತೆಯನ್ನೂ ಅವರು ಇದಕ್ಕೆ ಕಾರಣವಾಗಿ ಗುರುತಿಸಿದ್ದಾರೆ. ರಸ್ತೆಯಲ್ಲಿ ಸೈಕಲ್ ಮತ್ತು ಪಾದಚಾರಿಗಳ ಸಂಖ್ಯೆ ಇಮ್ಮಡಿಯಾದರೆ ಒಬ್ಬೊಬ್ಬರ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ ಎಂದು ಪೀಟರ್ ಜೇಕಬ್ಸನ್ 2003ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಚಾಲಕನ ಕಣ್ಣಿಗೆ ಒಂಟಿ ಸೈಕಲ್ ಬೀಳದೆ ಹೋಗಬಹುದು, ಮೂವತ್ತು ಸೈಕಲ್ ಬಿದ್ದೇ ಬೀಳುತ್ತವೆ.

ಆಕ್ಷೇಪಗಳಿವೆ, ಅವಕ್ಕೂ ಉತ್ತರ ಕೊಡಬೇಕು. ಮೊದಲನೆಯದು ಆಂಬುಲೆನ್ಸ್. ಸೈಕಲ್ ಗುಂಪು ಅದಕ್ಕೆ ದಾರಿ ಬಿಡಲೇಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಇಳಿದು ರಸ್ತೆಯಂಚಿಗೆ ಸರಿಯಲು ಸೈಕಲ್ಲಿಗೆ ಆಗುವಷ್ಟು ಸುಲಭ ಬೇರೆ ಯಾವ ವಾಹನಕ್ಕೂ ಆಗದು. ಅಡ್ಡರಸ್ತೆಗಳಿಗೆ ಅಡ್ಡಲಾಗಿ ನಿಂತು ಕಾರಿನವರೊಂದಿಗೆ ಜಗಳಕ್ಕಿಳಿದ ಅಮೆರಿಕದ ಸವಾರರು ತಮ್ಮ ವಾದವನ್ನೇ ದುರ್ಬಲಗೊಳಿಸಿಕೊಂಡರು, ಅದನ್ನು ಇಲ್ಲಿ ಅನುಕರಿಸಬೇಕಿಲ್ಲ. ಎರಡನೆಯದು, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಿರುವಾಗ ಸೈಕಲ್ ಯಾಕೆ ಎಂಬ ಪ್ರಶ್ನೆ. ಬಸ್ಸು ಬಾರದ ಹಳ್ಳಿಯಲ್ಲಿ ಉಚಿತ ಟಿಕೆಟ್ಟಿಗೆ ಬೆಲೆಯಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ ಮುಗಿಯುವ ತನಕ ಬಸ್ಸು ಕಾಯುವುದಿಲ್ಲ. ಗಂಡುಮಕ್ಕಳಿಗಂತೂ ಆ ಟಿಕೆಟ್ಟೂ ಇಲ್ಲ. ಮೂರನೆಯದು, ಕೊಟ್ಟ ಸೈಕಲ್ ಕಳಪೆಯಾಗಿತ್ತು ಎಂಬ ದೂರು. ದೂರು ನಿಜ. ಕಳಪೆ ಸೈಕಲ್ಲಿಗೆ ಪರಿಹಾರ ಗಟ್ಟಿ ಸೈಕಲ್, ಸೈಕಲ್ಲೇ ಇಲ್ಲದಿರುವುದಲ್ಲ.

ಚುನಾವಣೆ ಬಂದಾಗ ಅಧಿಕಾರಿಗಳೇ ಮತದಾನ ಜಾಗೃತಿಗೆ ಸೈಕಲ್ ಜಾಥಾ ನಡೆಸುತ್ತಾರೆ, ಸಂಚಾರ ಒಂದು ಗಳಿಗೆ ನಿಲ್ಲುತ್ತದೆ, ಊರು ಸಹಿಸಿಕೊಳ್ಳುತ್ತದೆ. ಗಣಪತಿ ವಿಸರ್ಜನೆಗೂ ಅಷ್ಟೇ. ಮೆರವಣಿಗೆಗೆ ದಾರಿ ಬಿಡುವ ಸಹನೆ ಈ ಊರುಗಳಿಗೆ ಹೊಸದಲ್ಲ. ಅದೇ ಸಹನೆ ಶಾಲೆಗೆ ಹೋಗುವ ಮಕ್ಕಳಿಗೂ ಸಲ್ಲಬೇಕು. 2021ರಲ್ಲಿ ಸೈಕಲ್ ಏರಿ ಪ್ರತಿಭಟಿಸಿದ ಪಕ್ಷವೇ 2023ರಲ್ಲಿ ಅಧಿಕಾರಕ್ಕೆ ಬಂತು. ಎಂಟನೇ ತರಗತಿಯ ಸೈಕಲ್ ಅನ್ನು ಮರಳಿ ಕೊಡುವುದು, ಹೈಸ್ಕೂಲುಗಳ ಮುಂದೆ ಹಾಯುವ ಹೆದ್ದಾರಿಗಳ ಅಂಚನ್ನು ಸೈಕಲ್ ಓಡುವಂತೆ ಗಟ್ಟಿ ಮಾಡುವುದು, ಶಾಲೆ ಬಿಡುವ ಹೊತ್ತಿಗೆ ಲಾರಿಗಳ ವೇಗಕ್ಕೆ ಕಡಿವಾಣ ಹಾಕುವುದು ಆ ಸರ್ಕಾರದ ಹೊಣೆ. ರೂಢಿಯ ಮೆರವಣಿಗೆಗೆ ಕಾನೂನಿನ ರಕ್ಷಣೆ ಸಿಗುವುದು ರೂಢಿ ಉಳಿದಿದ್ದರೆ ಮಾತ್ರ. ಮಕ್ಕಳು ಸೈಕಲ್ ತುಳಿಯುವುದನ್ನೇ ಮರೆತ ಮೇಲೆ ರಸ್ತೆಯಲ್ಲಿ ಅವರ ಪಾಲು ಕೇಳಲು ಯಾರೂ ಉಳಿಯುವುದಿಲ್ಲ.