ನಮ್ಮ ತಿಪ್ಪೆ, ಬೆಂಗಳೂರಿನ ತಿಪ್ಪೆ



ನಮ್ಮ ಮನೆ ಹಿಂದೆ ಒಂದು ತಿಪ್ಪೆ ಇದೆ. ನಿಮ್ಮಲ್ಲೂ ಬಹಳ ಜನರ ಮನೆ ಹಿಂದೆ ಇರುತ್ತದೆ. ಸಗಣಿ, ದನ ತಿಂದು ಬಿಟ್ಟ ಹುಲ್ಲು, ಒಲೆ ಬೂದಿ, ತರಕಾರಿ ಸಿಪ್ಪೆ ಎಲ್ಲಾ ಅದಕ್ಕೇ ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ ಅದೇ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ದೀಪಾವಳಿಯಲ್ಲಿ ನಮ್ಮ ಅಜ್ಜಿ ತಿಪ್ಪೆ ಮೇಲೂ ಒಂದು ದೀಪ ಇಡುತ್ತಾರೆ.

ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬೀದಿಗೆ ಕಸದ ಗಾಡಿ ಬಂತು. "ಈ ಕಸ ಎಲ್ಲಿಗೆ ಹೋಗುತ್ತೆ ಚಿಕ್ಕಪ್ಪಾ?" ಅಂದೆ. "ಹಿಂದೆ ಮಂಡೂರು ಅಂತ ಒಂದು ಹಳ್ಳಿಗೆ ಹೋಗ್ತಿತ್ತು. ಅಲ್ಲಿಯವರ ಪಾಡು ಯಾರಿಗೂ ಬೇಡ" ಅಂದರು. ನಮ್ಮ ತಿಪ್ಪೆ ಗೊಬ್ಬರ, ಅವರದು ಮಾತ್ರ ಯಾಕೆ ಪಾಡು? ಊರಿಗೆ ಬಂದ ಮೇಲೆ ಮೇಷ್ಟ್ರನ್ನು ಕೇಳಿ, ಓದಿ, ತಿಳಿದದ್ದನ್ನು ಬರೆಯುತ್ತಿದ್ದೇನೆ.

ಕೊಳೆಯುವುದು ಎಂದರೆ ಕಣ್ಣಿಗೆ ಕಾಣದ ಜೀವಾಣುಗಳು ತಿನ್ನುವುದು. ಅವಕ್ಕೆ ಗಾಳಿ ಸಿಕ್ಕರೆ ಸಿಪ್ಪೆ, ಹುಲ್ಲು ಬೆಚ್ಚಗಾಗಿ ಕರಿ ಗೊಬ್ಬರವಾಗುತ್ತದೆ. ಚಳಿಗಾಲದ ಬೆಳಿಗ್ಗೆ ತಿಪ್ಪೆ ಕೆದಕಿದರೆ ಹಬೆ ಏಳುತ್ತಲ್ಲ, ಅದು ಇದೇ ಕೆಲಸದ ಬಿಸಿ. ನಗರದಲ್ಲಿ ಅನ್ನ, ಸಾರು, ಪ್ಲಾಸ್ಟಿಕ್, ಸೆಲ್ಲು, ಗಾಜು ಎಲ್ಲಾ ಒಂದೇ ಚೀಲಕ್ಕೆ ಹಾಕಿ ಗಂಟು ಕಟ್ಟುತ್ತಿದ್ದರು. ಅದನ್ನು ಲಾರಿಗಟ್ಟಲೆ ಗುಡ್ಡದ ಹಾಗೆ ಸುರಿದರೆ ಒಳಗೆ ಗಾಳಿ ಆಡುವುದಿಲ್ಲ. ಆಗ ಬೇರೆ ಜಾತಿ ಜೀವಾಣು ಬೆಳೆದು ಮೀಥೇನ್ ಅನಿಲ ಹುಟ್ಟುತ್ತದೆ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಅದೇ. ಕಸದ ಗುಡ್ಡಕ್ಕೆ ಬೆಂಕಿ ಬಿದ್ದರೆ ಬೇಗ ಆರದಿರಲು ಇದೂ ಒಂದು ಕಾರಣ. ಭೂಮಿಯನ್ನು ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕಕ್ಕೆ, ಮೀಥೇನ್ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು.

ಇನ್ನೊಂದು, ನೀರು. ಮಳೆ ನೀರು ರಾಶಿಯೊಳಗೆ ಇಳಿದು ಕೊಳೆತ ರಸವನ್ನೂ ಸೆಲ್ಲು, ಟ್ಯೂಬ್‌ಲೈಟಿನ ವಿಷವನ್ನೂ ಕಲಸಿಕೊಂಡು ಕಪ್ಪಗೆ ಹೊರಗೆ ಬರುತ್ತದೆ. ಅದು ಕೆರೆ, ಬಾವಿ, ಕೊಳವೆಬಾವಿ ಸೇರುತ್ತದೆ. ಕಸ ಮಾಡಿದವರು ಬೆಂಗಳೂರಿನವರು, ನೀರು ಕುಡಿಯುವವರು ಹಳ್ಳಿಯವರು!

ಬೆಂಗಳೂರು ಬೆಳೆದ ವೇಗ ನೋಡಿ. 2001ರ ಜನಗಣತಿಯಲ್ಲಿ ಸುಮಾರು 57 ಲಕ್ಷ, 2011ಕ್ಕೆ 85 ಲಕ್ಷ. ಈಗ ದಿನಕ್ಕೆ 4,000 ಟನ್ನಿಗೂ ಹೆಚ್ಚು ಕಸ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ನಗರದ ಬೀದಿಯಲ್ಲೇ ರಾಶಿ ಬಿತ್ತು. ಹೊರೆಯೆಲ್ಲ ಮಂಡೂರಿನ ಮೇಲೆ ಬಂತು. 2014ರಲ್ಲಿ ಮಂಡೂರಿನವರು ಇನ್ನು ಸಾಕು ಎಂದು ಹೋರಾಟಕ್ಕೆ ಇಳಿದರು. ಆ ವರ್ಷದ ಡಿಸೆಂಬರಿನಿಂದ ಅಲ್ಲಿಗೆ ಕಸ ಹೋಗುವುದು ನಿಂತಿತು. ಆದರೆ ನಗರದ ಕಸ ನಿಲ್ಲಲಿಲ್ಲ, ಬೇರೆ ಊರುಗಳ ಕಡೆ ತಿರುಗಿತು.

ದಾರಿ ಇಲ್ಲವೇ? ಇದೆ. ನಮ್ಮ ದೇಶದ ನಗರದ ಕಸದಲ್ಲಿ ಅರ್ಧದಷ್ಟು ಬರೀ ಕೊಳೆಯುವ ಪದಾರ್ಥ. ಅದನ್ನು ಮನೆಯಲ್ಲೇ ಬೇರೆ ಇಟ್ಟರೆ ಅದು ನಮ್ಮ ತಿಪ್ಪೆಯ ಹಾಗೇ ಗೊಬ್ಬರ. ಒಣ ಕಾಗದ, ಬಾಟಲಿಗೆ ಗಿರಾಕಿ ಇದ್ದಾರೆ. ಒಮ್ಮೆ ಸಾರು ಸುರಿದ ಕಾಗದವನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕೇ 2015ರಲ್ಲಿ ಹೈಕೋರ್ಟು ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬ, ಒಂದು ಚೀಲ ಎಂಬ ಪದ್ಧತಿ ಹೇಳಿತು. ಹಸಿ ಕಸಕ್ಕೆ ಹಸಿರು ಡಬ್ಬ, ಬ್ಯಾಂಡೇಜು, ಡಯಾಪರಿನಂಥದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಚಿಕ್ಕಪ್ಪನ ಮನೆಯಲ್ಲಿ ಮೂರೂ ಇವೆ. ಎದುರು ಮನೆಯವರು ಮಾತ್ರ ಕತ್ತಲಾದ ಮೇಲೆ ಒಂದೇ ಕವರು ತಂದು ಮೂಲೆಯಲ್ಲಿ ಎಸೆಯುತ್ತಾರೆ, ನಾನೇ ನೋಡಿದೆ.

ಬೆಂಗಳೂರಿನವರನ್ನು ಬೈದುಕೊಂಡೇ ಊರಿಗೆ ಬಂದೆ. ಗೊಬ್ಬರ ಹೊರುವಾಗ ನಮ್ಮದೇ ತಿಪ್ಪೆಯಲ್ಲಿ, ಒಂದು ಮಂಕರಿಯಲ್ಲಿ, 17 ಶಾಂಪೂ ಮತ್ತು ಗುಟ್ಕಾ ಚೀಟಿ ಸಿಕ್ಕವು. ಹೊಲಕ್ಕೆ ಹೋದರೆ ಅವು ಕರಗುವುದಿಲ್ಲ, ದನ ತಿಂದರೆ ಹೊಟ್ಟೆಯಲ್ಲೇ ಉಳಿಯುತ್ತವೆ. ಕೊಟ್ಟಿಗೆ ಕಂಬಕ್ಕೆ ಒಂದು ಗೋಣಿಚೀಲ ಕಟ್ಟಿದೆ. ಅಜ್ಜಿ ಮೊದಲು ನಕ್ಕರು, ಈಗ ಅವರೇ ಹೆಕ್ಕಿ ಹಾಕುತ್ತಾರೆ. ಮೊನ್ನೆ ಚೀಲ ತುಂಬಿತು. ಗುಜರಿಯವರು ಬಾಟಲಿ, ತಗಡು ತೆಗೆದುಕೊಂಡು "ಈ ಚೀಟಿ ಯಾರಿಗೆ ಬೇಕಪ್ಪಾ" ಎಂದು ಹಿಂದಕ್ಕೆ ಕೊಟ್ಟರು. ಪಂಚಾಯಿತಿಯಲ್ಲಿ ಕೇಳೋಣ ಎಂದು ಮೇಷ್ಟ್ರು ಹೇಳಿದ್ದಾರೆ. ಅಲ್ಲಿಯವರೆಗೆ ಚೀಲ ಕಂಬದಲ್ಲೇ ಇದೆ.