ನಕ್ಷೆ ಕಲಿತವನ ಕುಂಚ
ಮಗ ಎಂಜಿನಿಯರಿಂಗ್ ಓದು ಬಿಟ್ಟು ಚಿತ್ರ ಬರೆಯುತ್ತೇನೆಂದರೆ ಯಾವ ಮನೆಯಲ್ಲೂ ಆತಂಕವೇ. 1887ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಹ್ವಾನ್ ಗ್ರಿಸ್ ಮಾಡಿದ್ದು ಅದನ್ನೇ. ತಾಂತ್ರಿಕ ಶಾಲೆಯಲ್ಲಿ ನಕ್ಷೆ ಬರೆಯಲು ಕಲಿತಿದ್ದ ಹುಡುಗ 1906ರಲ್ಲಿ ಪ್ಯಾರಿಸ್ ಸೇರಿದ. ಪಿಕಾಸೊ ಇದ್ದ ಹಳೆಯ ಕಟ್ಟಡದಲ್ಲೇ ವಾಸ. ಹೊಟ್ಟೆಪಾಡಿಗೆ ಪತ್ರಿಕೆಗಳ ವ್ಯಂಗ್ಯಚಿತ್ರ.

ಪಿಕಾಸೊ, ಬ್ರಾಕ್ ಆಗ ಕ್ಯೂಬಿಸಂ ರೂಪಿಸುತ್ತಿದ್ದರು. ಒಂದೇ ವಸ್ತುವನ್ನು ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಕಂಡಂತೆ ಒಂದೇ ಚಿತ್ರದಲ್ಲಿ ಜೋಡಿಸುವ ಬಗೆ ಅದು. ಅಲ್ಲಿ ಗ್ರಿಸ್‌ನ ಕೈಹಿಡಿದದ್ದು ಬಿಟ್ಟುಬಂದ ಪಾಠವೇ! ಗಿಟಾರು, ಸೀಸೆ, ದಿನಪತ್ರಿಕೆಗಳು ಅವನ ಚಿತ್ರಗಳಲ್ಲಿ ರೇಖಾಗಣಿತದ ಅಚ್ಚುಕಟ್ಟು ಪಡೆದವು. 1912ರಲ್ಲಿ ಆತ ಬರೆದ ಪಿಕಾಸೊ ಭಾವಚಿತ್ರ ಶಿಕಾಗೊ ಕಲಾ ಸಂಗ್ರಹಾಲಯದಲ್ಲಿದೆ.

1927ರಲ್ಲಿ, 40ನೇ ವಯಸ್ಸಿಗೇ, ಗ್ರಿಸ್ ತೀರಿಕೊಂಡ. ಅವನು ಬಿಟ್ಟದ್ದು ಶಾಲೆಯನ್ನು, ಕಲಿತದ್ದನ್ನಲ್ಲ.